ಅಡಾಪಲೀನ್ + ಬೆಂಜೋಯಿಲ್ ಪೆರಾಕ್ಸೈಡ್ ಜೆಲ್ ಬದಲು ಬೇರೆ ಟ್ಯೂಬ್ ಕೊಟ್ಟಿದ್ದಾರೆ, ಮುಖ ಉರಿಯುತ್ತಿದೆ. ಮುಂದುವರಿಸಬಹುದಾ?

ತುಂಗಾತೀರ

ತಂಗಿಗೆ 19 ವರ್ಷ, ಎಣ್ಣೆ ಚರ್ಮ. ಹಣೆ ತುಂಬಾ ಸಣ್ಣ ಗುಳ್ಳೆ, ಎರಡೂ ಕೆನ್ನೆಯಲ್ಲಿ ಕೆಂಪು ಮೊಡವೆ, ಅಲ್ಲಲ್ಲಿ ಕೀವು ತುಂಬಿದವು. ಗಂಟು ಕಟ್ಟಿದ ದೊಡ್ಡ ಮೊಡವೆ ಇಲ್ಲ. ಚರ್ಮದ ಡಾಕ್ಟರು ಬರೆದುಕೊಟ್ಟದ್ದು ಅಡಾಪಲೀನ್ 0.1% ಮತ್ತು ಬೆಂಜೋಯಿಲ್ ಪೆರಾಕ್ಸೈಡ್ 2.5% ಸೇರಿರುವ ಜೆಲ್. 15 ಗ್ರಾಂ ಟ್ಯೂಬ್, ರಾತ್ರಿ ಮಾತ್ರ, ಮೂರು ತಿಂಗಳು.

ತಿಂಗಳು ತುಂಬುವ ಮೊದಲೇ ಟ್ಯೂಬ್ ಖಾಲಿಯಾಯಿತು. ಎರಡನೆಯದಕ್ಕೆ ಹೋದಾಗ ಮೆಡಿಕಲ್ ಶಾಪಿನವರು "ಆ ಕಂಪನಿಯದು ಸ್ಟಾಕ್ ಇಲ್ಲ, ಇದೂ ಅದೇ" ಎಂದು ಬೇರೆ ಕೊಟ್ಟಿದ್ದಾರೆ. ಅದರ ಮೇಲೆ ಅಡಾಪಲೀನ್ 0.1%, ಕ್ಲಿಂಡಾಮೈಸಿನ್ 1% ಎಂದಿದೆ. ಇನ್ನೂ ತೆರೆದಿಲ್ಲ.

ಈಗಿನ ಸ್ಥಿತಿ: ಮೂಗಿನ ಪಕ್ಕ, ಬಾಯಿಯ ಮೂಲೆ, ಗಲ್ಲ ಸಿಪ್ಪೆ ಏಳುತ್ತಿದೆ. ಬರೀ ನೀರು ಸೋಕಿದರೂ ಉರಿ. ಕೆನ್ನೆಯಲ್ಲಿ ಹೊಸ ಮೊಡವೆಯೂ ಎದ್ದಿದೆ. ಜೊತೆಗೆ ದಿನಕ್ಕೆರಡು ಸಲ ಸ್ಯಾಲಿಸಿಲಿಕ್ ಆಸಿಡ್ 2% ಫೇಸ್‌ವಾಶ್, ಬೆಳಗ್ಗೆ ವಿಟಮಿನ್ ಸಿ ಸೀರಮ್. ಎಣ್ಣೆ ಚರ್ಮ ಅಂತ ಮಾಯಿಶ್ಚರೈಸರ್ ಹಚ್ಚುತ್ತಿಲ್ಲ.

ಕೇಳಬೇಕಾದ್ದು: ಎರಡೂ ಟ್ಯೂಬ್ ಒಂದೇನಾ? ಹಳೆಯದು ಸಿಕ್ಕರೆ ಒಂದು ಬೆಳಗ್ಗೆ, ಒಂದು ರಾತ್ರಿ ಹಚ್ಚಬಹುದಾ? ಈ ಉರಿ, ಹೊಸ ಮೊಡವೆ ಮಾಮೂಲಾ, ನಿಲ್ಲಿಸಬೇಕಾ?

ಮದ್ದಿನ ಕೌಂಟರ್

ಒಂದೇ ಅಲ್ಲ. ಟ್ಯೂಬ್ ತೆರೆಯದಿದ್ದದ್ದು ಒಳ್ಳೆಯದಾಯಿತು. ಬಿಲ್ ಮತ್ತು ಡಾಕ್ಟರ ಚೀಟಿ ತೆಗೆದುಕೊಂಡು ಹೋಗಿ ವಾಪಸ್ ಕೊಡಿ. ಕಂಪನಿ ಬದಲಾದರೆ ತೊಂದರೆಯಿಲ್ಲ, ಔಷಧ ಬದಲಾಗಬಾರದು. ಇಲ್ಲಿ ಔಷಧವೇ ಬದಲಾಗಿದೆ.

ಅಡಾಪಲೀನ್ ಎರಡರಲ್ಲೂ ಇದೆ. ಅದು ವಿಟಮಿನ್ ಎ ಬಳಗದ ರೆಟಿನಾಯ್ಡ್. ರೋಮರಂಧ್ರದೊಳಗೆ ಸತ್ತ ಚರ್ಮಕೋಶಗಳು ಅಂಟಿಕೊಂಡು ಬಾಯಿ ಕಟ್ಟದಂತೆ ನೋಡಿಕೊಳ್ಳುತ್ತದೆ. ಕಣ್ಣಿಗೆ ಮೊಡವೆ ಕಾಣಿಸುವುದಕ್ಕೆ ವಾರಗಟ್ಟಲೆ ಮೊದಲೇ ಒಳಗೆ ಈ ಕಟ್ಟಿಕೊಳ್ಳುವ ಕೆಲಸ ಶುರುವಾಗಿರುತ್ತದೆ. ಆದ್ದರಿಂದಲೇ ಜೆಲ್ಲನ್ನು ಎದ್ದ ಮೊಡವೆಗೆ ಮಾತ್ರ ಚುಕ್ಕಿ ಇಟ್ಟರೆ ಸಾಲದು, ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ ಸವರಬೇಕು.

ವ್ಯತ್ಯಾಸ ಇರುವುದು ಎರಡನೇ ಔಷಧದಲ್ಲಿ. ಬೆಂಜೋಯಿಲ್ ಪೆರಾಕ್ಸೈಡ್ ಚರ್ಮದೊಳಗೆ ಆಮ್ಲಜನಕ ಬಿಡುಗಡೆ ಮಾಡಿ, ಗಾಳಿ ಕಡಿಮೆ ಇರುವಲ್ಲಿ ಬೆಳೆಯುವ ಮೊಡವೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಇದು ಆ್ಯಂಟಿಬಯಾಟಿಕ್ ಅಲ್ಲ. ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಂಡು ಬಗ್ಗದೆ ಹೋಗುವ ಸಮಸ್ಯೆ ಇಲ್ಲ. ಕ್ಲಿಂಡಾಮೈಸಿನ್ ಆ್ಯಂಟಿಬಯಾಟಿಕ್. ಅದು ಉರಿಯೂತವನ್ನೂ ಇಳಿಸುತ್ತದೆ, ಚರ್ಮಕ್ಕೂ ಹಿತ. ಆದರೆ ತಿಂಗಳುಗಟ್ಟಲೆ ಎಳೆದರೆ ಬ್ಯಾಕ್ಟೀರಿಯಾ ಪಳಗಿಬಿಡುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಮೊದಲ ಹಂತಕ್ಕೆ 12 ವಾರದ ಕೋರ್ಸ್ ಹೇಳುತ್ತದೆ. ಅಡಾಪಲೀನ್ ಜೊತೆ ಬೆಂಜೋಯಿಲ್ ಪೆರಾಕ್ಸೈಡ್ ಅದರಲ್ಲಿ ಒಂದು. ಆ್ಯಂಟಿಬಯಾಟಿಕ್ಕನ್ನು ಒಂಟಿಯಾಗಿ ಹಚ್ಚಬೇಡಿ ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿಯವರು ಕೊಟ್ಟ ಟ್ಯೂಬೂ ಸರಿಯಾದ ಔಷಧವೇ, ಡಾಕ್ಟರು ಅದನ್ನೇ ಬರೆಯುವ ಸಂದರ್ಭಗಳಿವೆ. ಆದರೆ ಅದನ್ನು ನಿರ್ಧರಿಸಬೇಕಾದವರು ಡಾಕ್ಟರು, ಕೌಂಟರಿನಲ್ಲಿ ಕೂತವರಲ್ಲ.

ಬೆಳಗ್ಗೆ ಒಂದು, ರಾತ್ರಿ ಒಂದು ಖಂಡಿತ ಬೇಡ. ಎರಡರಲ್ಲೂ ಅಡಾಪಲೀನ್ ಇರುವುದರಿಂದ ದಿನಕ್ಕೆ ಎರಡು ಡೋಸ್ ಆಗುತ್ತದೆ. ಈಗಾಗಲೇ ಸಿಪ್ಪೆ ಏಳುತ್ತಿರುವ ಮುಖಕ್ಕೆ ಅದು ತಡೆಯುವುದಿಲ್ಲ.

ಬರೆದ ಜೆಲ್ ನಿಮ್ಮೂರಲ್ಲಿ ಸಿಗದೇ ಹೋದರೆ, ಅಡಾಪಲೀನ್ 0.1% ಮತ್ತು ಬೆಂಜೋಯಿಲ್ ಪೆರಾಕ್ಸೈಡ್ 2.5% ಬೇರೆ ಬೇರೆ ಟ್ಯೂಬ್ ಸಿಗುತ್ತವೆ. ಅಡಾಪಲೀನ್ ರಾತ್ರಿ, ಇನ್ನೊಂದು ಬೆಳಗ್ಗೆ ಎಂದು ಹಂಚಿಕೊಳ್ಳಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಅಂಗಡಿಯಲ್ಲಿ 2.5% ಇಲ್ಲ, 5% ತಗೊಳ್ಳಿ ಎಂದರೆ ಒಪ್ಪಬೇಡಿ. ಮೊಡವೆ ಇಳಿಸುವುದರಲ್ಲಿ 2.5% ಮತ್ತು 5%ಕ್ಕೆ ಹೆಚ್ಚು ವ್ಯತ್ಯಾಸವಿಲ್ಲ, ಉರಿಯಲ್ಲಿ ಮಾತ್ರ ಇದೆ.

ಇನ್ನೊಂದು: ಕಂಪನಿಗಳು ಒಂದೇ ಹೆಸರಿನ ಬಾಲಕ್ಕೆ ಎರಡು ಮೂರು ಅಕ್ಷರ ಸೇರಿಸಿ ಬೇರೆ ಬೇರೆ ಔಷಧ ಮಾರುತ್ತವೆ. ಡಬ್ಬಿಯ ಬಣ್ಣವೂ ಹೆಚ್ಚುಕಮ್ಮಿ ಒಂದೇ. ದೊಡ್ಡಕ್ಷರದ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರದ ಕಂಪೋಸಿಷನ್ ಓದಿ. ಎರಡು ಹೆಸರು, ಎರಡು ಶೇಕಡಾ ಚೀಟಿಯೊಂದಿಗೆ ತಾಳೆಯಾದರೆ ಮಾತ್ರ ದುಡ್ಡು ಕೊಡಿ.

ಹೊಂಗೆನೆರಳು

ಔಷಧದ ವಿಷಯ ಮೇಲೆ ಬಂದಿದೆ. ಉರಿಯ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: 15 ಗ್ರಾಂ ಟ್ಯೂಬ್ ತಿಂಗಳೊಳಗೆ ಮುಗಿದಿದೆ.

ಇಡೀ ಮುಖಕ್ಕೆ ಒಂದು ರಾತ್ರಿಗೆ ಬೇಕಾದ್ದು ಒಂದು ಕಡಲೆಕಾಳಿನಷ್ಟು ಜೆಲ್, ಅಂದಾಜು ಕಾಲು ಗ್ರಾಂ. ಆ ಲೆಕ್ಕದಲ್ಲಿ ಪ್ರತಿ ರಾತ್ರಿ ಹಚ್ಚಿದರೂ ಟ್ಯೂಬ್ ಎರಡು ತಿಂಗಳು ಬರಬೇಕು. ನಿಮ್ಮ ತಂಗಿ ದುಪ್ಪಟ್ಟು ಹಚ್ಚಿದ್ದಾರೆ. ಅದರ ಮೇಲೆ ಸ್ಯಾಲಿಸಿಲಿಕ್ ಫೇಸ್‌ವಾಶ್ ಎರಡು ಸಲ, ವಿಟಮಿನ್ ಸಿ, ಮಾಯಿಶ್ಚರೈಸರ್ ಇಲ್ಲ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುತ್ತದೆ ಎಂಬುದು ಈ ಜೆಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮಂಥ ಕಂದು ಚರ್ಮಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ಉರಿ ಎದ್ದ ಜಾಗವೆಲ್ಲ ಆಮೇಲೆ ಕಪ್ಪಾಗಿ ನಿಲ್ಲುತ್ತದೆ. ಮೊಡವೆ ಹೋದರೂ ಔಷಧದ ಉರಿ ಬಿಟ್ಟ ಕಪ್ಪು ತಿಂಗಳುಗಟ್ಟಲೆ ಉಳಿದಿರುತ್ತದೆ.

ಈಗ ಮಾಡಬೇಕಾದ್ದು. ಜೆಲ್, ಸ್ಯಾಲಿಸಿಲಿಕ್, ಸೀರಮ್ ಮೂರನ್ನೂ ನಿಲ್ಲಿಸಿ. ನೊರೆ ಕಡಿಮೆ ಬರುವ, ಸುವಾಸನೆ ಇಲ್ಲದ ಸಾದಾ ಫೇಸ್‌ವಾಶ್ ದಿನಕ್ಕೆರಡು ಸಲ, ಮುಖ ಒರೆಸಿದ ಕೂಡಲೇ ಮಾಯಿಶ್ಚರೈಸರ್. ಸಿರಮೈಡ್ ಅಥವಾ ಗ್ಲಿಸರಿನ್ ಇರುವ, ನಾನ್ ಕಾಮೆಡೋಜೆನಿಕ್ (ರೋಮರಂಧ್ರ ಕಟ್ಟಿಸದ್ದು) ಎಂದು ಬರೆದಿರುವ ಲೋಷನ್ ಸಾಕು. ಎಣ್ಣೆ ಚರ್ಮಕ್ಕೂ ಇದು ಬೇಕೇಬೇಕು, ಎಣ್ಣೆ ಇದ್ದರೂ ನೀರಿನಂಶ ಹೋಗಿರುತ್ತದೆ. ನೀರು ಸೋಕಿದಾಗ ಉರಿ ಪೂರ್ತಿ ನಿಲ್ಲುವವರೆಗೆ ಇಷ್ಟೇ. ಸಾಮಾನ್ಯವಾಗಿ ಒಂದು ವಾರದೊಳಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಮತ್ತೆ ಶುರು ಮಾಡುವಾಗ ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ, ನಂತರದ ಎರಡು ವಾರ ರಾತ್ರಿ ಬಿಟ್ಟು ರಾತ್ರಿ, ತಡೆದುಕೊಂಡರೆ ಮಾತ್ರ ಪ್ರತಿ ರಾತ್ರಿ. ಹಚ್ಚುವ ಕ್ರಮ ಹೀಗೆ: ಮುಖ ತೊಳೆದು ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. 15ರಿಂದ 20 ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಔಷಧ ಜಾಸ್ತಿ ಒಳಗಿಳಿದು ಉರಿ ಹೆಚ್ಚುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಮೂಗಿನ ಹೊಳ್ಳೆಯ ಪಕ್ಕದ ಮಡಿಕೆ, ತುಟಿಯ ಎರಡು ಮೂಲೆಗೆ ವ್ಯಾಸಲೀನ್ ತೆಳ್ಳಗೆ ಸವರಿ. ಜೆಲ್ ಹರಿದು ಬಂದು ನಿಲ್ಲುವ ಜಾಗಗಳು ಅವು. ಆಮೇಲೆ ಮಾಯಿಶ್ಚರೈಸರ್ ಒಂದು ಪದರ, ಹತ್ತು ನಿಮಿಷ ಬಿಟ್ಟು ಕಡಲೆಕಾಳಿನಷ್ಟು ಜೆಲ್ಲನ್ನು ಬೆರಳ ತುದಿಯಿಂದ ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು ಒಂದಕ್ಕೊಂದು ಸೇರುವಂತೆ ಹರಡಿ. ಬಿಳಿಯಾಗಿ ಕಾಣುತ್ತಿದ್ದರೆ ಜಾಸ್ತಿ ಆಯಿತೆಂದೇ ಅರ್ಥ. ಕಣ್ಣ ರೆಪ್ಪೆ, ಕಣ್ಣ ಕೆಳಗೆ, ಗಾಯ ಇರುವಲ್ಲಿ ಬೇಡ. ಕೈ ತೊಳೆಯಿರಿ.

ಇಷ್ಟಾದರೂ ಉರಿದರೆ ಜೆಲ್ ಹಚ್ಚಿ ಅರ್ಧ ಗಂಟೆಗೆ ತೊಳೆದು ಮಾಯಿಶ್ಚರೈಸರ್ ಹಚ್ಚಿ. ವಾರ ವಾರಕ್ಕೆ ಸಮಯ ಹೆಚ್ಚಿಸುತ್ತಾ ಹೋಗಬಹುದು.

ಹೊಸ ಮೊಡವೆಯ ವಿಷಯ. ಶುರುವಿನ ಕೆಲವು ವಾರ, ಮೊದಲಿನಿಂದ ಮೊಡವೆ ಬರುತ್ತಿದ್ದ ಜಾಗದಲ್ಲೇ ಒಂದಿಷ್ಟು ಏಳುವುದು ಇದೆ. ಅದಕ್ಕೆ ಹೆದರಿ ನಿಲ್ಲಿಸಬೇಕಿಲ್ಲ. ಆದರೆ ಮೊಡವೆಯೇ ಬಾರದ ಬಾಯಿಯ ಮೂಲೆ, ಮೂಗಿನ ಪಕ್ಕ ಕೆಂಪಾಗಿ ಸಿಪ್ಪೆ ಏಳುವುದು ಬರೀ ಉರಿ. ಮೂರನೆಯದು ಅಲರ್ಜಿ: ವಿಪರೀತ ತುರಿಕೆ, ರೆಪ್ಪೆ ಊದುವುದು, ನೀರು ಒಸರುವುದು. ಬೆಂಜೋಯಿಲ್ ಪೆರಾಕ್ಸೈಡಿಗೆ ಕೆಲವರಿಗೆ ಇದಾಗುತ್ತದೆ. ಆಗ ಪ್ರಮಾಣ ಇಳಿಸಿ ನೋಡುವುದಲ್ಲ, ಆ ಔಷಧವನ್ನೇ ಬಿಟ್ಟು ಡಾಕ್ಟರಿಗೆ ತೋರಿಸಬೇಕು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆ.

ಫಲಿತಾಂಶ ಅಳೆಯಲು 8ರಿಂದ 12 ವಾರ ಬೇಕು. ವಾರಕ್ಕೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದ, ಟ್ಯೂಬ್ ವಾಪಸ್ ಕೊಡುತ್ತೇವೆ. ಇನ್ನು ಸ್ವಲ್ಪ ಇದೆ. ನೀಲಿ ದಿಂಬಿನ ಕವರ್ ಮೇಲೆ ಬಿಳಿ ಬಿಳಿ ಮಚ್ಚೆ ಬಿದ್ದಿದೆ, ಇದು ಜೆಲ್ಲಿನಿಂದಲೇನಾ? ಸನ್‌ಸ್ಕ್ರೀನ್ ಹಚ್ಚಿದರೆ ಕಾಲೇಜು ಬಸ್ಸಲ್ಲೇ ಮುಖ ಜಿಡ್ಡಾಗುತ್ತದೆ ಅಂತಾಳೆ, ಬಿಡಬಹುದಾ? ಹಣೆಯ ಸಣ್ಣ ಗುಳ್ಳೆ ಕಡಿಮೆಯಾಗಿಲ್ಲ, ಅಲ್ಲಿ ತುರಿಕೆಯೂ ಇದೆ. ವಾರಕ್ಕೆರಡು ದಿನ ತಲೆಗೆ ತೆಂಗಿನೆಣ್ಣೆ ಹಾಕಿ ಮಲಗುತ್ತಾಳೆ. ಕೊನೆಯದಾಗಿ, ಮೊಡವೆಯ ಕಪ್ಪು ಕಲೆಗೆ ಅಂತ ಚಿಕ್ಕಮ್ಮ ಒಂದು ಕ್ರೀಮ್ ಕೊಟ್ಟಿದ್ದಾರೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿದೆ. ಇದೂ ಕಾಂಬಿನೇಷನ್ನೇ ಅಲ್ವಾ, ಹಗಲು ಹಚ್ಚಬಹುದಾ?

ಧಾರವಾಡ ಪೇಡೆ

ಚಿಕ್ಕಮ್ಮನ ಕ್ರೀಮ್ ಮೊದಲು ಬಾಜೂಕ ಇಡ್ರಿ. ಉಳಿದದ್ದು ಆಮೇಲೆ.

ಮೊಮೆಟಾಸೋನ್ ಅಂದ್ರ ಸ್ಟೀರಾಯ್ಡ್. ಆ ಮೂರೂ ಕೂಡಿದ ಕ್ರೀಮ್ ಇರೋದು ಬಂಗಿಗೆ, ಅಂದ್ರ ಮುಖದ ಮ್ಯಾಲೆ ಬರೋ ಕಂದು ಕಲಿಗೆ, ಅದೂ ಡಾಕ್ಟರ್ ಕಣ್ಣಳತೆಯೊಳಗ ಸ್ವಲ್ಪ ದಿನಕ್ಕಷ್ಟ. ಮೊಡವಿ ಇದ್ದ ಮುಖಕ್ಕ ಹಚ್ಚಿದ್ರ ಮೊದಲ ವಾರ ಮುಖ ಬೆಳ್ಳಗ, ನುಣ್ಣಗ ಕಾಣತೈತಿ, ಅದನ್ನ ನೋಡಿ ಜನ ಮರುಳಾಗ್ತಾರ. ಮುಂದ ಒಂದೇ ಅಳತೀ ಕೆಂಪು ಗುಳ್ಳಿ ಮುಖದ ತುಂಬ ಏಳತಾವ, ಚರ್ಮ ತೆಳ್ಳಗಾಗಿ ಕೆಂಪು ನರ ಎದ್ದು ಕಾಣತಾವ, ಹೆಣ್ಮಕ್ಕಳಿಗೆ ಕೆನ್ನಿ ಮ್ಯಾಲೆ ಕೂದಲು ಬರತಾವ. ಬಿಟ್ರ ಉರಿ, ಕೆಂಪು ಇನ್ನೂ ಜಾಸ್ತಿ ಆಗಿ ಮತ್ತ ಅದನ್ನ ಹಚ್ಚೋಹಂಗ ಮಾಡತೈತಿ. ನಮ್ಮ ದೇಶದಾಗ ಇದು ಎಷ್ಟು ಹಬ್ಬೇತಿ ಅಂದ್ರ ಚರ್ಮದ ಡಾಕ್ಟರುಗಳು ಇದಕ್ಕ ಬ್ಯಾರೇನ ರೋಗದ ಹೆಸರು ಇಟ್ಟಾರ. 2018ರಾಗ ಕೇಂದ್ರ ಸರ್ಕಾರ ಇಂಥ ಹಚ್ಚೋ ಸ್ಟೀರಾಯ್ಡ್‌ಗಳನ್ನ ಶೆಡ್ಯೂಲ್ ಎಚ್ ಒಳಗ ತಂತು, ಅಂದ್ರ ಚೀಟಿ ಇಲ್ಲದ ಮಾರೋಹಂಗಿಲ್ಲ. ಮಾರೋದು ಮಾತ್ರ ನಿಂತಿಲ್ಲ.

ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೋಲೋನ್. ಈ ನಾಲ್ಕು ಹೆಸರು ಬರದಿಟ್ಕೊಳ್ರಿ. ಮೊಡವಿಗಂತ ಕೊಟ್ಟ ಟ್ಯೂಬಿನ ಮ್ಯಾಲೆ ಇವುದ್ರಾಗ ಒಂದು ಇದ್ರೂ ತಿರುಗಿ ಕೊಡ್ರಿ. ಮನ್ಯಾಗ ಯಾರರ ತಿಂಗಳುಗಟ್ಟಲೆ ಹಚ್ಚಿದ್ರ, ಒಮ್ಮೆಲೆ ನಿಲ್ಲಿಸೋದಕಿಂತ ಚರ್ಮದ ಡಾಕ್ಟರಿಗೆ ತೋರಿಸಿ ಬಿಡಿಸ್ಕೊಳ್ರಿ.

ಇನ್ನ ಹಣಿ. ತುರಿಕಿ ಐತಿ, ಎಲ್ಲಾ ಗುಳ್ಳಿ ಒಂದೇ ಅಳತೀವು ಅಂದ್ರ ಅದು ಮೊಡವಿ ಅಲ್ಲದ, ರೋಮರಂಧ್ರದಾಗ ಮಲಸೀಜಿಯ ಅನ್ನೋ ಶಿಲೀಂಧ್ರ ಬೆಳದದ್ದು ಇರಬಹುದು. ಆ ಶಿಲೀಂಧ್ರ ಕೊಬ್ಬಿನಂಶ ತಿಂದ ಬೆಳೀತೈತಿ. ಆ್ಯಂಟಿಬಯಾಟಿಕ್ ಹಚ್ಚಿದ್ರ ಇಳಿಯೂದಿಲ್ಲ, ಕೆಲವೊಮ್ಮೆ ಇನ್ನೂ ಏರತೈತಿ. ಅದಕ್ಕ ಕೀಟೋಕೊನಜೋಲ್‌ನಂಥ ಬ್ಯಾರೆ ಔಷಧ ಬೇಕು. ಡಾಕ್ಟರಿಗೆ ತುರಿಕಿ ಮಾತು ಬಿಡದ ಹೇಳ್ರಿ. ಎಣ್ಣಿ ಪೂರ್ತಿ ಬಿಡಬೇಕಂತಿಲ್ಲ. ತಲಿ ತೊಳೆಯೋ ಮುಂದ ಒಂದ್ ತಾಸು ಹಚ್ಚಿ ತೊಳಕೊಳ್ಳಲಿ, ಕೂದಲ ಅಂಚಿಗೆ ಬ್ಯಾಡ. ಎಣ್ಣಿ ಹಚ್ಚಿ ಮಲಗಿದ್ರ ದಿಂಬಿನಿಂದ ಹಣಿ, ಕೆನ್ನಿ ಎಲ್ಲಾ ಕಡೆ ಹತ್ತತೈತಿ.

ಹೊಂಗೆನೆರಳು

ಮಚ್ಚೆ ಬೆಂಜೋಯಿಲ್ ಪೆರಾಕ್ಸೈಡಿನದೇ. ಅದು ಬಟ್ಟೆಯ ಬಣ್ಣವನ್ನು ಬ್ಲೀಚ್ ಮಾಡುತ್ತದೆ, ಮತ್ತೆ ಬಣ್ಣ ಬರುವುದಿಲ್ಲ. ಬಿಳಿ ಕವರ್, ಬಿಳಿ ಟವೆಲ್ ಇಟ್ಟುಕೊಳ್ಳಿ. ರೇಷ್ಮೆ ಸೀರೆ, ಬಣ್ಣದ ದುಪಟ್ಟಾ ಮುಟ್ಟುವ ಮೊದಲು ಕೈ ತೊಳೆಯಲಿ. ಬೆಳಗ್ಗೆ ಮುಖ ತೊಳೆದು ಮೊದಲ ಸಲ ಒರೆಸಿದರೂ ಟವೆಲಿನ ಬಣ್ಣ ಹೋಗುತ್ತದೆ. ಹುಬ್ಬು, ಹಣೆಯಂಚಿನ ಕೂದಲಿಗೂ ತಾಗಿಸಬೇಡಿ.

ಸನ್‌ಸ್ಕ್ರೀನ್ ಬಿಡುವಂತಿಲ್ಲ. ಜೆಲ್ ಹಚ್ಚುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಲೆಯೂ ಇನ್ನಷ್ಟು ಕಪ್ಪಾಗುತ್ತದೆ. ಕ್ರೀಮಿನ ಬದಲು ಜೆಲ್ ರೂಪದ್ದು, ಎಸ್‌ಪಿಎಫ್ 30 ಅಥವಾ ಮೇಲಿನದು ತೆಗೆದುಕೊಳ್ಳಿ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ, ಮುಖ ಮತ್ತು ಕತ್ತಿಗೆ. ಜಿಡ್ಡು ಅನ್ನಿಸುವುದು ಬೆಳಗ್ಗೆ ಮಾಯಿಶ್ಚರೈಸರ್ ಮೇಲೆ ಸನ್‌ಸ್ಕ್ರೀನ್ ಹಾಕಿದಾಗ. ಉರಿ ಪೂರ್ತಿ ಇಳಿದ ಮೇಲೆ ಬೆಳಗ್ಗೆ ಸನ್‌ಸ್ಕ್ರೀನ್ ಒಂದೇ ಸಾಕಾಗಬಹುದು. ಬಸ್ಸಿನಲ್ಲಿ ಬಿಸಿಲಿಲ್ಲದ ಕಡೆಯ ಸೀಟು ಹಿಡಿದರೆ ಅದೂ ಒಂದು ಉಪಾಯವೇ.

ಬೆಳದಿಂಗಳು 96

ನಡುವೆ ಒಂದು ಪ್ರಶ್ನೆ. ಇದೇ ಜೆಲ್ ನಾನೂ ಹಚ್ಚುತ್ತಿದ್ದೇನೆ. ಮಗುವಿಗೆ ಯೋಜನೆ ಇದ್ದರೆ ನಿಲ್ಲಿಸಬೇಕಾ? ಮೇಲ್ದುಟಿಗೆ ಥ್ರೆಡಿಂಗ್ ಮಾಡಿಸಬಹುದಾ?

ಮದ್ದಿನ ಕೌಂಟರ್

ಮೇಡಂ, ಮಗುವಿಗೆ ಪ್ರಯತ್ನ ಶುರು ಮಾಡುವಾಗಲೇ ಅಡಾಪಲೀನ್ ಇರುವ ಜೆಲ್ ನಿಲ್ಲಿಸಿ, ಡಾಕ್ಟರಿಗೆ ಹೇಳಿ ಬದಲಿ ತೆಗೆದುಕೊಳ್ಳಿ. ಚರ್ಮದಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದರೂ ರೆಟಿನಾಯ್ಡ್ ಆದ್ದರಿಂದ ಗರ್ಭಿಣಿಯರಿಗೆ ಬರೆಯುವುದಿಲ್ಲ. ತಿಳಿಯದೆ ಹಚ್ಚುತ್ತಿರುವಾಗ ಗರ್ಭ ನಿಂತಿದ್ದರೆ ಗಾಬರಿ ಬೇಡ, ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಅಜಲೈಕ್ ಆಸಿಡ್, ಬೆಂಜೋಯಿಲ್ ಪೆರಾಕ್ಸೈಡ್ ಆ ಸಮಯದಲ್ಲಿ ಬಳಸುವಂಥವು. ಅಜಲೈಕ್ ಕಲೆಯನ್ನೂ ಸ್ವಲ್ಪ ತಿಳಿಯಾಗಿಸುತ್ತದೆ.

ಮುಖಕ್ಕೆ ವ್ಯಾಕ್ಸಿಂಗ್ ಬೇಡವೇ ಬೇಡ, ಅಡಾಪಲೀನ್ ಹಚ್ಚುವ ಚರ್ಮ ವ್ಯಾಕ್ಸ್ ಜೊತೆ ಕಿತ್ತು ಬರುತ್ತದೆ. ಥ್ರೆಡಿಂಗಿಗೆ ಒಂದು ವಾರ ಮೊದಲೇ ಆ ಭಾಗಕ್ಕೆ ಜೆಲ್ ನಿಲ್ಲಿಸಿ, ಮಾಡಿಸಿದ ಮೇಲೆ ಕೆಂಪು ಪೂರ್ತಿ ಹೋದ ನಂತರ ಶುರು ಮಾಡಿ. ಬ್ಲೀಚ್, ಫೇಶಿಯಲ್ ಸ್ಕ್ರಬ್ಬಿಗೂ ಇದೇ ಮಾತು.

ಇಬ್ಬರಿಗೂ ಅನ್ವಯಿಸುವ ಇನ್ನೆರಡು. ಟ್ಯೂಬನ್ನು ಕಿಟಕಿಯಂಚು, ಸ್ಕೂಟರ್ ಡಿಕ್ಕಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಬೆಂಜೋಯಿಲ್ ಪೆರಾಕ್ಸೈಡ್ ಶಾಖಕ್ಕೆ ಒಡೆದು ಬೆಂಜೀನ್ ಎಂಬ ಕ್ಯಾನ್ಸರ್ ತರಬಲ್ಲ ರಾಸಾಯನಿಕ ಹುಟ್ಟಬಹುದು ಎಂಬ ಆತಂಕ 2024ರಲ್ಲಿ ಎದ್ದಿತ್ತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಾನು ಪರೀಕ್ಷಿಸಿದ 95 ಉತ್ಪನ್ನಗಳಲ್ಲಿ 90%ಕ್ಕಿಂತ ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ ಅಥವಾ ತೀರಾ ಅತ್ಯಲ್ಪ ಇತ್ತು ಎಂದು ಹೇಳಿತು. ಕೆಲವನ್ನು ಮಾತ್ರ ಅಂಗಡಿಗಳಿಂದ ಹಿಂದಕ್ಕೆ ತರಿಸಲಾಯಿತು. ಬಳಸಬಾರದು ಎಂದಲ್ಲ, ತಂಪಾದ ಕಡೆ ಇಡಿ, ಅವಧಿ ಮುಗಿದದ್ದು ಎಸೆಯಿರಿ. ಏಪ್ರಿಲ್, ಮೇ ತಿಂಗಳ ರಾಯಚೂರು, ಕಲಬುರಗಿಯ ಸೆಖೆಯಲ್ಲಿ ಫ್ರಿಜ್ಜಿನ ಬಾಗಿಲ ಗೂಡು ಸೂಕ್ತ, ಫ್ರೀಜರ್ ಮಾತ್ರ ಬೇಡ.

ಎರಡನೆಯದು, ಯಾರಾದರೂ ಟ್ರೆಟಿನಾಯಿನ್ ಜೆಲ್ಲನ್ನೂ ಕೊಟ್ಟರೆ ಇದರ ಜೊತೆ ಹಚ್ಚಬೇಡಿ. ಹಳೆಯ ಬಗೆಯ ಟ್ರೆಟಿನಾಯಿನ್ ಬೆಂಜೋಯಿಲ್ ಪೆರಾಕ್ಸೈಡ್ ಸೇರಿದರೆ ಕೆಡುತ್ತದೆ. ಅಡಾಪಲೀನ್ ಹಾಗೆ ಕೆಡುವುದಿಲ್ಲ, ಅದಕ್ಕೇ ಇವೆರಡನ್ನೂ ಒಂದೇ ಟ್ಯೂಬಿನಲ್ಲಿ ಸೇರಿಸಲು ಸಾಧ್ಯವಾದದ್ದು. ಅಮೆರಿಕದಲ್ಲಿ ಈ ಜೋಡಿಗೆ 2008ರಲ್ಲಿ ಒಪ್ಪಿಗೆ ಸಿಕ್ಕಿತು.

ತುಂಗಾತೀರ

ಹಣೆಯ ತುರಿಕೆಯ ಬಗ್ಗೆ ಡಾಕ್ಟರಿಗೆ ಹೇಳುತ್ತೇವೆ. 12 ವಾರ ಆದ ಮೇಲೆ ಮುಖ ತಿಳಿಯಾದರೆ ಜೆಲ್ ಪೂರ್ತಿ ಬಿಡುವುದಾ?

ಹೊಂಗೆನೆರಳು

ಒಮ್ಮೆಲೇ ಬಿಟ್ಟರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಮೊಡವೆಯ ಪ್ರವೃತ್ತಿ ಈ ವಯಸ್ಸಿನಲ್ಲಿ ಕೆಲವು ವರ್ಷ ಇರುತ್ತದೆ. 12 ವಾರಕ್ಕೆ ತೋರಿಸಿದಾಗ ಸಾಮಾನ್ಯವಾಗಿ ಡಾಕ್ಟರು ಅಡಾಪಲೀನ್ ಒಂದನ್ನೇ, ಅಥವಾ ಇದೇ ಜೆಲ್ಲನ್ನು ವಾರಕ್ಕೆ ಎರಡು ಮೂರು ರಾತ್ರಿ ಮುಂದುವರಿಸಲು ಹೇಳುತ್ತಾರೆ. ಅಷ್ಟರಲ್ಲೂ ಅರ್ಧದಷ್ಟು ಇಳಿಯದಿದ್ದರೆ, ನೋವಿರುವ ಗಂಟು ಕಟ್ಟಿದರೆ, ಬೆನ್ನು ಎದೆಗೆ ಹರಡಿದರೆ ಜೆಲ್ ಸಾಲದು, ಮಾತ್ರೆಯ ವಿಚಾರ ಕೇಳಿ. ಮುಟ್ಟು ತಪ್ಪಿ ತಪ್ಪಿ ಬರುತ್ತಿದ್ದು, ಗಲ್ಲ, ದವಡೆಯ ಮೇಲೆ ಕೂದಲು ಹೆಚ್ಚಾಗಿದ್ದರೆ ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಸಮಸ್ಯೆ) ಪರೀಕ್ಷೆ ಮಾಡಿಸಿ.

ಚಪ್ಪಟೆ ಕಪ್ಪು ಕಲೆ ಸನ್‌ಸ್ಕ್ರೀನ್ ಹಚ್ಚುತ್ತಿದ್ದರೆ ತಾನಾಗಿಯೇ ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಅಡಾಪಲೀನ್ ಕೂಡ ಅದಕ್ಕೆ ನೆರವಾಗುತ್ತದೆ. ಗುಂಡಿ ಬಿದ್ದ ಕಲೆ ಬೇರೆ. ಅದು ಯಾವ ಜೆಲ್ಲಿಗೂ ತುಂಬುವುದಿಲ್ಲ. ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಲೇಸರಿನಂಥ ಚಿಕಿತ್ಸೆ ಬೇಕು, ಅದೂ ಹೊಸ ಮೊಡವೆ ಪೂರ್ತಿ ನಿಂತ ಮೇಲೆ. ಮೊಡವೆ ಇನ್ನೂ ಏಳುತ್ತಿರುವಾಗಲೇ ಕಲೆಗೆ ಪ್ಯಾಕೇಜ್ ಮಾಡಿಸಿ ಎಂದು ಯಾವ ಕ್ಲಿನಿಕ್ ಹೇಳಿದರೂ ದುಡ್ಡು ಕಟ್ಟಬೇಡಿ.